ಸೋವಿನ್ಯೋನ್ ಬ್ಲಾಂ: ಹಸಿ ವಾಸನೆ ದೋಷವೋ, ತಳಿಯ ಗುಣವೋ?

ತೆರೆದ ಸೀಸೆ:
ಕಳೆದ ವಾರ ಸೋವಿನ್ಯೋನ್ ಬ್ಲಾಂ ದ್ರಾಕ್ಷಿಯಿಂದ ಮಾಡಿದ ಎರಡು ವೈನ್‌ಗಳನ್ನು ಅಕ್ಕಪಕ್ಕ ಇಟ್ಟು ರುಚಿ ನೋಡಿದೆ. ಒಂದು ಫ್ರಾನ್ಸಿನ ಲುವಾರ್ ನದಿ ಕಣಿವೆಯ ಸಾನ್ಸೇರ್, ಇನ್ನೊಂದು ನ್ಯೂಜಿಲೆಂಡಿನ ಮಾರ್ಲ್‌ಬರೋ. ಮೊದಲನೆಯ ಲೋಟವನ್ನು ಮೂಗಿನ ಹತ್ತಿರ ತಂದ ಕೂಡಲೇ ಆಗಷ್ಟೇ ಹೆಚ್ಚಿದ ದೊಣ್ಣೆಮೆಣಸಿನಕಾಯಿಯ, ಕೊಯ್ದ ಹುಲ್ಲಿನ ಹಸಿ ವಾಸನೆ ಬಡಿಯಿತು. ಎರಡನೆಯದರಲ್ಲಿ ಪ್ಯಾಷನ್ ಫ್ರೂಟನ್ನು ಹೋಳು ಮಾಡಿ ಇಟ್ಟಂತೆ ಹಣ್ಣಿನ ಘಮ ತುಂಬಿತ್ತು. ಬಾಯಿಗೆ ಹಾಕಿಕೊಂಡಾಗ ಮಾತ್ರ ಎರಡೂ ಅಣ್ಣತಮ್ಮಂದಿರಂತೆ ಇದ್ದವು: ನಾಲಿಗೆಯ ಅಂಚು ಚುರುಗುಟ್ಟಿತು, ನುಂಗಿದ ಮೇಲೂ ಬಾಯಲ್ಲಿ ನೀರೂರುತ್ತಲೇ ಇತ್ತು.

ವೈನ್ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದಿರುವ ಪರಿಚಿತರೊಬ್ಬರು ಮೊದಲನೆಯದನ್ನು ಮೂಸಿ ನೋಡಿ, ಕಾಯಿ ಬಲಿಯುವ ಮೊದಲೇ ಕೊಯ್ದಿದ್ದಾರೆ, ಇದು ದೋಷ ಎಂದು ತೀರ್ಪು ಕೊಟ್ಟರು. ನನಗೆ ಆ ಮಾತು ಒಪ್ಪಿಗೆಯಾಗಲಿಲ್ಲ, ಆದರೆ ಏಕೆ ಒಪ್ಪಿಗೆಯಾಗಲಿಲ್ಲ ಎಂದು ವಿವರಿಸಲೂ ಬರಲಿಲ್ಲ. ಒಂದೇ ತಳಿಯಲ್ಲಿ ಇಷ್ಟು ಬೇರೆಯಾದ ಎರಡು ವಾಸನೆಗಳು ಹೇಗೆ ಬರುತ್ತವೆ? ಇವುಗಳಲ್ಲಿ ತಳಿಯ ಸ್ವಂತ ಗುಣ ಯಾವುದು, ತೋಟದಿಂದ ಅಥವಾ ಮಾಡಿದವರ ಕೈಯಿಂದ ಬಂದದ್ದು ಯಾವುದು? ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು.

ಹುಳಿನಾಲಿಗೆ:
ಹಸಿ ವಾಸನೆ ಈ ತಳಿಯ ಹುಟ್ಟುಗುಣ. ಅದು ಲವಲೇಶವೂ ಇಲ್ಲದ ಸೋವಿನ್ಯೋನ್ ಬ್ಲಾಂ ನನಗೆ ಅಪೂರ್ಣವೆನಿಸುತ್ತದೆ.

ಪ್ರಯೋಗಶಾಲೆ:
ನಿಮ್ಮ ಎರಡು ಲೋಟಗಳಲ್ಲಿ ಕಂಡದ್ದು ಎರಡು ಬೇರೆ ಬೇರೆ ರಾಸಾಯನಿಕ ಕುಟುಂಬಗಳು. ಅವುಗಳನ್ನು ಬೇರ್ಪಡಿಸಿ ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಹಸಿ ವಾಸನೆ ಮಿಥಾಕ್ಸಿಪೈರಜಿನ್ ಎಂಬ ಸಂಯುಕ್ತಗಳದ್ದು. ದೊಣ್ಣೆಮೆಣಸಿನಕಾಯಿಯಲ್ಲಿ ಇರುವುದೂ ಅದೇ ಸಂಯುಕ್ತ, ಆದ್ದರಿಂದ ನಿಮ್ಮ ಮೂಗು ಹೋಲಿಕೆಯನ್ನು ಹುಡುಕಲಿಲ್ಲ, ಇರುವ ವಸ್ತುವನ್ನೇ ಗುರುತಿಸಿತು. ಇದರ ಮುಖ್ಯ ರೂಪವನ್ನು ನೀರಿನಲ್ಲಿ ಲೀಟರಿಗೆ ಸುಮಾರು 2 ನ್ಯಾನೋಗ್ರಾಂ ಇದ್ದರೂ ಮನುಷ್ಯರು ಗುರುತಿಸಬಲ್ಲರು. ಲೆಕ್ಕ ಹಾಕಿದರೆ ಒಂದೇ ಒಂದು ಗ್ರಾಂ 50 ಕೋಟಿ ಲೀಟರ್ ನೀರಿಗೆ ವಾಸನೆ ಹಿಡಿಸುತ್ತದೆ ಎಂದಾಯಿತು. ಈ ಸಂಯುಕ್ತ ಕಾಯಿಯಲ್ಲೇ ಇರುತ್ತದೆ, ರಸದಲ್ಲೂ ಇರುತ್ತದೆ, ಹುದುಗಿದ ಮೇಲೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ.

ಪ್ಯಾಷನ್ ಫ್ರೂಟಿನ ಘಮ ಗಂಧಕವುಳ್ಳ ಥಯೋಲ್ ಎಂಬ ಸಂಯುಕ್ತಗಳದ್ದು. ಇವುಗಳ ಕಥೆ ನೇರ ತದ್ವಿರುದ್ಧ. ಕಾಯಿಯಲ್ಲಿ ಅವು ಸಿಸ್ಟೀನ್ ಅಥವಾ ಗ್ಲೂಟಾಥಯೋನ್‌ಗೆ ಅಂಟಿಕೊಂಡಿರುತ್ತವೆ, ಆ ಸ್ಥಿತಿಯಲ್ಲಿ ಅವಕ್ಕೆ ವಾಸನೆಯೇ ಇಲ್ಲ. ಹುದುಗುವಾಗ ಯೀಸ್ಟ್ ಆ ಗಂಟನ್ನು ಬಿಚ್ಚಿದ ಮೇಲೆಯೇ ಪರಿಮಳ ಹೊರಬರುತ್ತದೆ, ಅದೂ ಒಟ್ಟು ಸಂಗ್ರಹದ ಅತಿ ಸಣ್ಣ ಪಾಲು ಮಾತ್ರ. 1990ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ತಾಕಾತೋಶಿ ತೊಮಿನಾಗಾ ಮತ್ತು ಡೆನಿ ದುಬೂರ್ದಿಯೂ ಅವರ ಸಂಶೋಧನಾ ತಂಡ ಇವನ್ನು ಒಂದೊಂದಾಗಿ ಗುರುತಿಸುವವರೆಗೂ, ಬಹುತೇಕ ವಾಸನೆಯಿಲ್ಲದ ರಸದಿಂದ ಇಷ್ಟು ಘಾಟಾದ ವೈನ್ ಹೇಗೆ ಹುಟ್ಟುತ್ತದೆ ಎಂಬುದು ಒಗಟಾಗಿಯೇ ಇತ್ತು.

ಒಂದು ತಿದ್ದುಪಡಿಯನ್ನೂ ಸೇರಿಸುತ್ತೇನೆ. ಸಾನ್ಸೇರ್ ಎಂದರೆ ಹಸಿ, ಮಾರ್ಲ್‌ಬರೋ ಎಂದರೆ ಹಣ್ಣು ಎಂದು ಗೆರೆ ಎಳೆಯಬೇಡಿ. ಮಾರ್ಲ್‌ಬರೋದ ವೈನ್‌ಗಳಲ್ಲಿ ಅನೇಕವೇಳೆ ಎರಡೂ ಹೇರಳವಾಗಿರುತ್ತವೆ.

ತೆರೆದ ಸೀಸೆ:
ಎರಡೂ ಹೇರಳವಾಗಿದ್ದರೆ ಎರಡನೆಯ ಲೋಟದಲ್ಲಿ ನನಗೆ ಹಸಿ ವಾಸನೆ ಏಕೆ ಸಿಗಲಿಲ್ಲ?

ಪ್ರಯೋಗಶಾಲೆ:
ಹಣ್ಣಿನ ಘಮ ಅದರ ಮೇಲೆ ಹೊದಿಕೆ ಹೊದಿಸಿದ್ದಿರಬಹುದು. ಅದನ್ನು ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ, ಮುಂದೆ ಹೇಳುತ್ತೇನೆ.

ಬಳ್ಳಿಯ ನೆರಳು:
ಈ ತಳಿ ಬೆಳೆಯುವ ತೋಟವೊಂದರಲ್ಲಿ ಎರಡು ಕೊಯ್ಲುಗಳ ಕಾಲ ಕೆಲಸ ಮಾಡಿದ್ದೇನೆ. ಆದ್ದರಿಂದ ಸೀಸೆಗಿಂತ ಮುಂಚಿನ ಮಾತನ್ನು ಹೇಳುತ್ತೇನೆ.

ಇದು ಸೊಕ್ಕಿ ಬೆಳೆಯುವ ಬಳ್ಳಿ. ಬಿಟ್ಟರೆ ಎಲೆಯ ಮೇಲೆ ಎಲೆ ಬಂದು ಗೊಂಚಲು ಕಾಣದಂತಾಗುತ್ತದೆ. ಹಸಿ ವಾಸನೆಯ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ. ಕಾಯಿ ಇನ್ನೂ ಗಟ್ಟಿ ಹಸಿರಾಗಿದ್ದಾಗ ಮಿಥಾಕ್ಸಿಪೈರಜಿನ್, ಅಂದರೆ ನಾವು ಚಿಕ್ಕದಾಗಿ ಕರೆಯುವ ಪೈರಜಿನ್, ಸೇರುತ್ತಾ ಹೋಗುತ್ತದೆ, ಕಾಯಿ ಮೆತ್ತಗಾಗಿ ಬಣ್ಣ ತಿರುಗುವ ಹೊತ್ತಿನಿಂದ ಇಳಿಯುತ್ತಾ ಬರುತ್ತದೆ. ಹೂ ಉದುರಿ ಕಾಯಿ ಕಚ್ಚಿದ ಸ್ವಲ್ಪ ದಿನಗಳಲ್ಲೇ ಗೊಂಚಲಿನ ಸುತ್ತಲಿನ ಎಲೆಗಳನ್ನು ಕಿತ್ತು ಬಿಸಿಲು ಬೀಳುವಂತೆ ಮಾಡಿದರೆ ಅದು ಸೇರುವುದೇ ಕಡಿಮೆ. ಬಣ್ಣ ತಿರುಗಿದ ಮೇಲೆ ಎಲೆ ಕಿತ್ತರೆ ಅಷ್ಟು ಪ್ರಯೋಜನವಾಗುವುದಿಲ್ಲ, ಮೇಲಾಗಿ ಸಿಪ್ಪೆ ಬಿಸಿಲಿಗೆ ಸುಟ್ಟು ಕಂದಾಗುವ ಅಪಾಯ ಇರುತ್ತದೆ. ನಾವು ಬೆಳಗಿನ ಬಿಸಿಲು ಬೀಳುವ ಬದಿಯ ಎಲೆಗಳನ್ನು ಮಾತ್ರ ತೆಗೆಯುತ್ತಿದ್ದೆವು, ಸಂಜೆಯ ಬಿಸಿಲಿನ ಬದಿಯನ್ನು ಮುಟ್ಟುತ್ತಿರಲಿಲ್ಲ.

ಕೊಯ್ಲಿಗೆ ಮುಂಚಿನ ವಾರಗಳಲ್ಲಿ ಸಾಲುಗಳ ನಡುವೆ ನಡೆದು ಕಾಯಿ ಅಗಿದು ನೋಡುವುದೇ ದಿನದ ಮೊದಲ ಕೆಲಸ. ಬೀಜ ಹಸಿರಿನಿಂದ ಕಂದಿಗೆ ತಿರುಗಿದೆಯೇ, ಸಿಪ್ಪೆ ಅಗಿದರೆ ಹುಲ್ಲಿನ ರುಚಿ ಉಳಿದಿದೆಯೇ ಎಂದು ನೋಡಬೇಕು. ಒಂದೇ ಬಳ್ಳಿಯಲ್ಲಿ ನೆರಳಿನ ಬದಿಯ ಕಾಯಿಗೂ ಬಿಸಿಲಿನ ಬದಿಯ ಕಾಯಿಗೂ ವ್ಯತ್ಯಾಸ ನಾಲಿಗೆಗೆ ತಿಳಿಯುತ್ತದೆ. ಪ್ರಯೋಗಶಾಲೆಯವರು ಹೇಳಿದ ಗಂಟು ಬಿಚ್ಚುವ ಮಾತು ನನಗೆ ಬೇರೆ ರೀತಿಯಲ್ಲಿ ಅನುಭವಕ್ಕೆ ಬಂದಿದೆ: ಬಲಿತ ಸೋವಿನ್ಯೋನ್ ಕಾಯಿಯನ್ನು ಅಗಿದು ನುಂಗಿದಾಗ ಬರೀ ಸಿಹಿ, ಹುಳಿ. ಸುಮ್ಮನೆ ಕಾದರೆ ಇಪ್ಪತ್ತು, ಮೂವತ್ತು ಸೆಕೆಂಡುಗಳ ಮೇಲೆ ಗಂಟಲ ಹಿಂದಿನಿಂದ ಮೂಗಿಗೆ ಆ ವೈನ್‌ನ ಪರಿಮಳ ಏರಿ ಬರುತ್ತದೆ. ಮೊದಲ ಸಲ ಇದಾದಾಗ ನಾನು ಸಾಲಿನ ನಡುವೆ ನಿಂತೇಬಿಟ್ಟೆ.

ನಿಧಾನಪ್ರಿಯ:
ಮೇಲಿನವರು ಹೇಳಿದ್ದೇ ನನ್ನ ವಾದಕ್ಕೆ ಸಾಕ್ಷಿ. ಬಲಿಯುತ್ತಾ ಹೋದಂತೆ ಹಸಿ ವಾಸನೆ ಇಳಿಯುತ್ತದೆ ಎಂದರೆ, ಅದು ಹೆಚ್ಚಾಗಿರುವ ವೈನ್ ಸರಿಯಾಗಿ ಬಲಿಯದ ಕಾಯಿಯಿಂದ ಬಂದದ್ದು ಎಂದೇ ಅರ್ಥವಲ್ಲವೇ? ಕೊರತೆಗೆ ಗುಣ ಎಂದು ಹೆಸರಿಟ್ಟರೆ ಅದು ಗುಣವಾಗುವುದಿಲ್ಲ. ಪರಿಚಿತರ ತೀರ್ಪು ಸಂಪೂರ್ಣ ತಪ್ಪಲ್ಲ.

ಬಳ್ಳಿಯ ನೆರಳು:
ಸಂಪೂರ್ಣ ತಪ್ಪಲ್ಲ, ಸಂಪೂರ್ಣ ಸರಿಯೂ ಅಲ್ಲ. ತಂಪು ಪ್ರದೇಶದಲ್ಲಿ ಸಕ್ಕರೆ, ಹುಳಿ, ಬೀಜ ಎಲ್ಲವೂ ಹದಕ್ಕೆ ಬಂದ ದಿನವೂ ಈ ತಳಿಯಲ್ಲಿ ಸ್ವಲ್ಪ ಪೈರಜಿನ್ ಉಳಿದಿರುತ್ತದೆ. ಅದು ಪೂರ್ತಿ ಹೋಗಲಿ ಎಂದು ಕಾದರೆ ಹುಳಿಯೂ ಹೋಗುತ್ತದೆ. ಆಮೇಲೆ ಸಿಗುವುದು ಸಪ್ಪೆಯಾದ, ಹೆಚ್ಚು ಮದ್ಯಾಂಶದ, ಯಾವ ತಳಿಯದ್ದೆಂದು ಗುರುತು ಹಿಡಿಯಲಾಗದ ಬಿಳಿ ವೈನ್. ಬಿಸಿ ಪ್ರದೇಶಗಳಲ್ಲಿ ಈ ತಳಿ ನೆಟ್ಟವರಿಗೆ ಬರುವ ಕಷ್ಟವೇ ಇದು. ಎಷ್ಟು ಉಳಿಯಬೇಕು ಎಂಬುದು ಪ್ರಶ್ನೆ, ಇರಬೇಕೇ ಬೇಡವೇ ಎಂಬುದಲ್ಲ.

ಹುಳಿನಾಲಿಗೆ:
ಈ ಮಾತಿಗೆ ನನ್ನ ಪೂರ್ಣ ಸಹಮತವಿದೆ.

ಪದಪ್ರೀತಿ:
ಚರ್ಚೆ ಪರಿಮಳದ ಕಡೆಗೇ ಹರಿಯುತ್ತಿದೆ, ಆದರೆ ಈ ತಳಿಯ ವರ್ಣನೆಯಲ್ಲಿ ಎಲ್ಲರೂ ಮೊದಲು ಬಳಸುವ ಪದ ಕ್ರಿಸ್ಪ್. ಅದನ್ನು ಕನ್ನಡದಲ್ಲಿ ಗರಿಗರಿ ಎಂದು ಬರೆದಿರುವುದನ್ನು ಒಂದೆರಡು ಕಡೆ ಓದಿ ನನಗೆ ಬೇಸರವಾಯಿತು. ಗರಿಗರಿ ಎನ್ನುವುದು ಹಲ್ಲಿಗೆ ಸಿಕ್ಕು ಮುರಿಯುವ ವಸ್ತುವಿನ ಗುಣ, ದ್ರವಕ್ಕೆ ಅದು ಹೊಂದುವುದಿಲ್ಲ. ತೆರೆದ ಸೀಸೆಯವರು ತಮ್ಮ ಮೊದಲ ಬರಹದಲ್ಲೇ ಸರಿಯಾದ ಮಾತನ್ನು ಹಿಡಿದಿದ್ದಾರೆ: ನಾಲಿಗೆಯ ಅಂಚು ಚುರುಗುಟ್ಟುವುದು, ಬಾಯಲ್ಲಿ ನೀರೂರುವುದು. ಚುರುಕು ಹುಳಿ ಎಂದರೆ ಸಾಕು, ಓದಿದವರಿಗೆ ತಟ್ಟನೆ ತಿಳಿಯುತ್ತದೆ.

ನಮ್ಮ ಭಾಷೆಯಲ್ಲಿ ಹುಳಿ ಬೇರೆ, ಒಗರು ಬೇರೆ. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಒಗರು ಬಾಯನ್ನು ಒಣಗಿಸಿ ನಾಲಿಗೆಯನ್ನು ಎಳೆದು ಹಿಡಿಯುತ್ತದೆ. ಕೆಂಪು ವೈನ್‌ನಲ್ಲಿ ಸಿಪ್ಪೆ, ಬೀಜಗಳ ಟ್ಯಾನಿನ್‌ನಿಂದ ಬರುವುದು ಒಗರು. ಈ ತಳಿಯ ರಸವನ್ನು ಹಿಂಡಿ ಸಿಪ್ಪೆಯಿಂದ ಬೇಗ ಬೇರ್ಪಡಿಸುವುದರಿಂದ ಒಗರು ಬಹುತೇಕ ಇರುವುದಿಲ್ಲ, ಹುಳಿ ಒಂದೇ ಮುಂದೆ ನಿಲ್ಲುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ವಿದೇಶಿ ರುಚಿ ಟಿಪ್ಪಣಿಗಳಲ್ಲಿ ಈ ತಳಿಗೆ ಗೂಸ್‌ಬೆರಿಯ ವಾಸನೆ ಎಂದು ಬರೆದಿರುತ್ತಾರೆ, ಅದನ್ನು ಓದಿದವರು ನೆಲ್ಲಿಕಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಲೋಟದಲ್ಲಿ ಹುಡುಕುತ್ತಾರೆ. ಅಲ್ಲಿ ಹೇಳಿರುವ ಯುರೋಪಿನ ಗೂಸ್‌ಬೆರಿಗೂ ನಮ್ಮ ನೆಲ್ಲಿಕಾಯಿಗೂ ಸಸ್ಯಶಾಸ್ತ್ರದಲ್ಲಿ ಯಾವ ನಂಟೂ ಇಲ್ಲ. ಅದು ಮುಳ್ಳಿನ ಪೊದೆಯಲ್ಲಿ ಬಿಡುವ, ತೆಳುಸಿಪ್ಪೆಯ, ರಸಭರಿತ ಹಣ್ಣು. ನೆಲ್ಲಿಕಾಯಿಯ ಮುಖ್ಯ ಗುಣವಾದ ಒಗರು ಈ ವೈನ್‌ನಲ್ಲಿ ಇಲ್ಲವೇ ಇಲ್ಲ. ಅನುವಾದದ ಈ ಒಂದು ಪದದಿಂದ ಎಷ್ಟು ಜನ ತಮ್ಮ ಮೂಗೇ ಸರಿಯಿಲ್ಲ ಎಂದುಕೊಂಡಿರಬಹುದು!

ಹೊಸ ಓದುಗ:
ಪದಪ್ರೀತಿಯವರಿಗೆ ಅನಂತ ಧನ್ಯವಾದಗಳು. ಎರಡು ವರ್ಷ ನೆಲ್ಲಿಕಾಯಿಯನ್ನು ಹುಡುಕಿದವರಲ್ಲಿ ನಾನೂ ಒಬ್ಬ.

ಎರಡನೇ ಗುಟುಕು:
ಹುಳಿಯ ಮೂಲವನ್ನೂ ಹೇಳಿಬಿಡೋಣ. ದ್ರಾಕ್ಷಿಯಲ್ಲಿ ಮುಖ್ಯವಾಗಿ ಎರಡು ಆಮ್ಲಗಳು: ಟಾರ್ಟಾರಿಕ್ ಮತ್ತು ಮ್ಯಾಲಿಕ್. ಮ್ಯಾಲಿಕ್ ಎಂದರೆ ಹಸಿರು ಸೇಬಿನ ಹುಳಿ. ಕಾಯಿ ಮಾಗುವಾಗ ಅದು ಉಸಿರಾಟಕ್ಕೆ ಮ್ಯಾಲಿಕ್ ಆಮ್ಲವನ್ನು ಉರಿಸುತ್ತದೆ, ಸೆಖೆ ಹೆಚ್ಚಿದಷ್ಟೂ ಹೆಚ್ಚು ಉರಿಯುತ್ತದೆ. ಟಾರ್ಟಾರಿಕ್ ಅಷ್ಟು ಸುಲಭಕ್ಕೆ ಕರಗುವುದಿಲ್ಲ. ಹಗಲು ಬಿಸಿಲಿದ್ದು ರಾತ್ರಿ ತಂಪಾಗುವ ಸ್ಥಳಗಳನ್ನು ಈ ತಳಿಗೆ ಆರಿಸುವುದು ಇದಕ್ಕಾಗಿಯೇ: ಹಗಲು ಸಕ್ಕರೆ ಕಟ್ಟುತ್ತದೆ, ರಾತ್ರಿ ಹುಳಿ ಉಳಿಯುತ್ತದೆ. ಮಾರ್ಲ್‌ಬರೋದ ವೈರಾವ್ ಮತ್ತು ಅವಾಟೆರೆ ಕಣಿವೆಗಳು ಹೆಸರು ಮಾಡಿದ್ದರ ಹಿಂದೆ ಈ ತಂಪು ರಾತ್ರಿಗಳಿವೆ. ಅಲ್ಲಿ ವಾಣಿಜ್ಯ ಪ್ರಮಾಣದಲ್ಲಿ ದ್ರಾಕ್ಷಿ ನಾಟಿ ಶುರುವಾದದ್ದೇ 1973ರಲ್ಲಿ, ಅಷ್ಟು ಕಡಿಮೆ ಕಾಲದಲ್ಲಿ ಅದು ಈ ತಳಿಯ ಎರಡನೇ ತವರಾಯಿತು.

ನಂತರದ ನಿರ್ಧಾರ ಮಾಡುವವರ ಕೈಯಲ್ಲಿದೆ. ಅನೇಕ ಬಿಳಿ ವೈನ್‌ಗಳಲ್ಲಿ ಮೊದಲ ಹುದುಗುವಿಕೆ ಮುಗಿದ ಮೇಲೆ ಬ್ಯಾಕ್ಟೀರಿಯಾಗಳು ಮ್ಯಾಲಿಕ್ ಆಮ್ಲವನ್ನು ಮೃದುವಾದ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸಲು ಬಿಡುತ್ತಾರೆ, ಶಾರ್ಡನೆ ಎಂಬ ಇನ್ನೊಂದು ಬಿಳಿ ತಳಿಯ ವೈನ್‌ಗಳ ಬೆಣ್ಣೆಯಂಥ ನುಣುಪು ಹೆಚ್ಚಾಗಿ ಹಾಗೆ ಬಂದದ್ದು. ಸೋವಿನ್ಯೋನ್ ಬ್ಲಾಂನಲ್ಲಿ ಬಹುಪಾಲು ತಯಾರಕರು ಅದನ್ನು ತಡೆಯುತ್ತಾರೆ, ಹೊಸ ಓಕ್ ಪೀಪಾಯಿಗೂ ಹಾಕದೆ ಸ್ಟೀಲ್ ತೊಟ್ಟಿಯಲ್ಲೇ ತಂಪಾಗಿ ಹುದುಗಿಸುತ್ತಾರೆ.

ತೆರೆದ ಸೀಸೆಯವರೇ, ನೀವು ಎಷ್ಟು ತಂಪಿನಲ್ಲಿ ಕುಡಿದಿರಿ? ಫ್ರಿಜ್‌ನಿಂದ ತೆಗೆದ ಕೂಡಲೇ ಸುರಿದರೆ ಹುಳಿ ಮುಂದೆ ಬಂದು ಪರಿಮಳ ಮುದುಡಿಕೊಳ್ಳುತ್ತದೆ. 8ರಿಂದ 10 ಡಿಗ್ರಿ ಸೆಲ್ಸಿಯಸ್ ಸರಿಯಾದ ಹದ.

ತೆರೆದ ಸೀಸೆ:
ಫ್ರಿಜ್‌ನಿಂದ ತೆಗೆದು ಇಪ್ಪತ್ತು ನಿಮಿಷ ಹೊರಗಿಟ್ಟಿದ್ದೆ, ಸುಮಾರು ನೀವು ಹೇಳಿದ ಹದದಲ್ಲೇ ಇದ್ದಿರಬೇಕು.

ಸುಣ್ಣಕಲ್ಲು:
ಯಾರೂ ಮಣ್ಣಿನ ಮಾತೆತ್ತಲಿಲ್ಲವೆಂದು ಆಶ್ಚರ್ಯವಾಗಿದೆ. ಸಾನ್ಸೇರ್ ಮತ್ತು ಅದರೆದುರು ದಡದ ಪುಯಿ-ಫ್ಯೂಮೆ ಪ್ರದೇಶಗಳಲ್ಲಿ ಸಿಲೆಕ್ಸ್ ಎಂಬ ಬೆಣಚುಕಲ್ಲಿನ ಮಣ್ಣು, ಕಾಯೋತ್ ಎಂಬ ಸುಣ್ಣಕಲ್ಲಿನ ಹರಳು, ತೇರ್ ಬ್ಲಾಂಶ್ ಎಂಬ ಸುಣ್ಣ ಬೆರೆತ ಜೇಡಿ, ಹೀಗೆ ಮೂರು ಬಗೆಗಳಿವೆ. ಸಿಲೆಕ್ಸ್ ಮೇಲೆ ಬೆಳೆದ ವೈನ್‌ನಲ್ಲಿ ಎರಡು ಬೆಣಚುಕಲ್ಲುಗಳನ್ನು ಉಜ್ಜಿದಾಗ ಬರುವ ಸುಟ್ಟ ವಾಸನೆ ಸ್ಪಷ್ಟವಾಗಿ ಸಿಗುತ್ತದೆ. ಫ್ಯೂಮೆ ಎಂದರೆ ಹೊಗೆಯಾಡಿಸಿದ್ದು ಎಂದೇ ಅರ್ಥ. ಕಲ್ಲಿನ ಗುಣವೇ ಬಳ್ಳಿಯ ಮೂಲಕ ಲೋಟಕ್ಕೆ ಬಂದಿದೆ.

ಪ್ರಯೋಗಶಾಲೆ:
ವಾಸನೆ ಇದೆ ಎಂಬುದನ್ನು ಒಪ್ಪುತ್ತೇನೆ, ಕಲ್ಲು ಬಳ್ಳಿಯೊಳಗೆ ಏರಿತು ಎಂಬುದನ್ನು ಒಪ್ಪಲಾರೆ. ಬೇರು ಹೀರುವುದು ನೀರಿನಲ್ಲಿ ಕರಗಿದ ಲವಣಗಳನ್ನು, ಬೆಣಚುಕಲ್ಲು ನೀರಿನಲ್ಲಿ ಕರಗುವುದೂ ಇಲ್ಲ, ಅದಕ್ಕೆ ಸಹಜವಾಗಿ ವಾಸನೆಯೂ ಇಲ್ಲ. ನೀವು ಹೇಳುವ ಸುಟ್ಟ ವಾಸನೆಗೆ ಬೆಂಜೀನ್‌ಮೀಥೇನ್‌ಥಯೋಲ್ ಎಂಬ ಇನ್ನೊಂದು ಗಂಧಕ ಸಂಯುಕ್ತ ಕಾರಣ, ಅದನ್ನೂ ಸೋವಿನ್ಯೋನ್‌ನಲ್ಲಿ ಪತ್ತೆ ಹಚ್ಚಿದ್ದಾರೆ. ಕಲ್ಲಿಲ್ಲದ ಮಣ್ಣಿನಲ್ಲಿ ಬೆಳೆದ ಶಾರ್ಡನೆಯಲ್ಲೂ ಅದು ಸಿಗಬಹುದು.

ಸುಣ್ಣಕಲ್ಲು:
ಹಾಗಾದರೆ ಪಕ್ಕಪಕ್ಕದ ಎರಡು ಇಳಿಜಾರುಗಳ ವೈನ್ ಒಂದೇ ಕೈಯಲ್ಲಿ ತಯಾರಾದರೂ ಬೇರೆ ಬೇರೆಯಾಗಿರುವುದು ಏಕೆ?

ಬಳ್ಳಿಯ ನೆರಳು:
ಇಬ್ಬರ ಮಾತನ್ನೂ ತೋಟದಲ್ಲಿ ನಿಂತು ನೋಡಿದರೆ ಜಗಳವೇ ಉಳಿಯುವುದಿಲ್ಲ. ಹರಳು ಮಣ್ಣಿನಲ್ಲಿ ನೀರು ಬೇಗ ಬಸಿದುಹೋಗುತ್ತದೆ, ಕಲ್ಲು ಹಗಲಿನ ಶಾಖವನ್ನು ಹಿಡಿದಿಡುತ್ತದೆ, ಬಳ್ಳಿಯ ಸೊಕ್ಕು ತಗ್ಗಿ ಎಲೆ ಕಡಿಮೆಯಾಗುತ್ತದೆ, ಗೊಂಚಲಿಗೆ ಬಿಸಿಲು ಸಿಗುತ್ತದೆ. ಜೇಡಿಯಲ್ಲಿ ನೀರು ನಿಂತು ಬಳ್ಳಿ ಕೊಬ್ಬುತ್ತದೆ, ಕಾಯಿ ತಡವಾಗಿ ಹದಕ್ಕೆ ಬರುತ್ತದೆ. ವ್ಯತ್ಯಾಸ ನಿಜ, ಅದು ಕಾಯಿ ಮಾಗುವ ವೇಗದ ಮೂಲಕ ಬರುತ್ತದೆಯೇ ಹೊರತು ಕಲ್ಲಿನ ರುಚಿಯಾಗಿ ಅಲ್ಲ.

ಸುಣ್ಣಕಲ್ಲು:
ಇದನ್ನು ಒಪ್ಪುತ್ತೇನೆ. ಆದರೂ ಆ ವಾಸನೆಗೆ ಬೆಣಚುಕಲ್ಲು ಎಂದೇ ಹೆಸರಿಡುತ್ತೇನೆ, ಅದಕ್ಕಿಂತ ಹತ್ತಿರದ ಪದ ನನ್ನಲ್ಲಿಲ್ಲ.

ಹೊಸ ಓದುಗ:
ಹೆಸರುಗಳಲ್ಲೇ ದಾರಿ ತಪ್ಪುತ್ತಿದ್ದೇನೆ. ಪುಯಿ-ಫ್ಯೂಮೆ, ಪುಯಿ-ಫ್ಯುಸೆ, ಫ್ಯೂಮೆ ಬ್ಲಾಂ, ಸೋವಿನ್ಯೋನ್ ವೇರ್ ಇವೆಲ್ಲ ಒಂದೇ ದ್ರಾಕ್ಷಿಯೇ?

ಎರಡನೇ ಗುಟುಕು:
ಅಲ್ಲ. ಪುಯಿ-ಫ್ಯೂಮೆ ಲುವಾರ್ ಕಣಿವೆಯದು, ಪೂರ್ತಿ ಸೋವಿನ್ಯೋನ್ ಬ್ಲಾಂ. ಪುಯಿ-ಫ್ಯುಸೆ ಬರ್ಗಂಡಿಯದು, ಪೂರ್ತಿ ಶಾರ್ಡನೆ. ಫ್ಯೂಮೆ ಬ್ಲಾಂ ಎಂಬುದು ಕ್ಯಾಲಿಫೋರ್ನಿಯಾದ ರಾಬರ್ಟ್ ಮೊಂಡಾವಿ 1960ರ ದಶಕದ ಕೊನೆಯಲ್ಲಿ ತಮ್ಮ ಸೋವಿನ್ಯೋನ್ ಬ್ಲಾಂಗೆ ಕೊಟ್ಟ ಹೆಸರು, ದ್ರಾಕ್ಷಿ ಅದೇ.

ಸೋವಿನ್ಯೋನ್ ವೇರ್ ಮಾತ್ರ ನಿಜವಾದ ಮೋಸಗಾರ ಹೆಸರು. ಅದು ಸೋವಿನ್ಯೋನಾಸ್ ಎಂಬ ಬೇರೆಯೇ ತಳಿ, ಇಟಲಿಯ ಫ್ರಿಯುಲಿಯಲ್ಲಿ ಅದನ್ನು ಫ್ರಿಯುಲಾನೋ ಎನ್ನುತ್ತಾರೆ. ಚಿಲಿಯ ಹಳೆಯ ತೋಟಗಳಲ್ಲಿ ಸೋವಿನ್ಯೋನ್ ಬ್ಲಾಂ ಎಂದು ನಂಬಿದ್ದ ಬಳ್ಳಿಗಳಲ್ಲಿ ಬಹಳಷ್ಟು ಈ ಸೋವಿನ್ಯೋನಾಸ್ ಎಂದು 1990ರ ದಶಕದಲ್ಲಿ ತಿಳಿದುಬಂತು. ಅದಕ್ಕೆ ಈ ಚುರುಕು ಪರಿಮಳ ಇಲ್ಲ. ಆಮೇಲೆ ಅಲ್ಲಿನವರು ಕಾಸಾಬ್ಲಾಂಕಾದಂತಹ ತಂಪು ಕಣಿವೆಗಳಲ್ಲಿ ಅಸಲಿ ತಳಿಯನ್ನು ನೆಟ್ಟರು, ಇಂದಿನ ಚಿಲಿಯ ವೈನ್‌ನಲ್ಲಿ ಅದರ ಗುರುತು ಖಚಿತವಾಗಿ ಸಿಗುತ್ತದೆ.

ಹುಳಿನಾಲಿಗೆ:
ಹೆಸರಿನ ಮಾತು ಬಂದದ್ದರಿಂದ ವಂಶಾವಳಿಯನ್ನೂ ಸೇರಿಸುತ್ತೇನೆ, ಏಕೆಂದರೆ ಅದು ಹಸಿ ವಾಸನೆಗೆ ನೇರ ಸಂಬಂಧಪಟ್ಟದ್ದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ಜಾನ್ ಬೋವರ್ಸ್ ಮತ್ತು ಕ್ಯಾರೊಲ್ ಮೆರೆಡಿತ್ 1997ರಲ್ಲಿ ಪ್ರಕಟಿಸಿದ ಡಿಎನ್‌ಎ ಅಧ್ಯಯನದ ಪ್ರಕಾರ ಕ್ಯಾಬರ್ನೆ ಸೋವಿನ್ಯೋನ್ ಎಂಬ ಪ್ರಸಿದ್ಧ ಕಪ್ಪು ದ್ರಾಕ್ಷಿ, ಕ್ಯಾಬರ್ನೆ ಫ್ರಾಂ ಮತ್ತು ಸೋವಿನ್ಯೋನ್ ಬ್ಲಾಂ ತಳಿಗಳ ಮಗು. ಬಿಳಿ ದ್ರಾಕ್ಷಿಯೊಂದು ಕಪ್ಪು ದ್ರಾಕ್ಷಿಯ ಹೆತ್ತವರಲ್ಲಿ ಒಂದೆಂಬುದು ಬಹಳ ಜನರಿಗೆ ಅಚ್ಚರಿ ತಂದಿತು. ತಂಪು ವರ್ಷದ ಕ್ಯಾಬರ್ನೆಯಲ್ಲೂ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತದೆ, ಸಂಯುಕ್ತವೂ ಅದೇ. ಮನೆತನದ ಗುರುತು ಎನ್ನದೆ ಇದನ್ನು ಇನ್ನೇನೆನ್ನಬೇಕು?

ನಿಧಾನಪ್ರಿಯ:
ಕ್ಯಾಬರ್ನೆಯಲ್ಲಿ ಅದೇ ವಾಸನೆ ಬಂದಾಗ ಅದನ್ನು ದೋಷವೆಂದು ಬಹಳ ಜನ ತಳ್ಳಿಹಾಕುತ್ತಾರೆ ಎಂಬುದನ್ನೂ ನೆನಪಿಡಿ.

ಹುಳಿನಾಲಿಗೆ:
ಕೆಂಪು ವೈನ್‌ನಲ್ಲಿ ಹಸಿ ವಾಸನೆಯ ಜೊತೆಗೆ ಒಗರೂ ಸೇರಿ ಕಟುವಾಗುತ್ತದೆ. ಇಲ್ಲಿ ಅದರ ಜೊತೆಗಿರುವುದು ಹುಳಿ. ಜೊತೆಗಾರ ಬದಲಾದರೆ ಅದೇ ಗುಣದ ಬೆಲೆಯೂ ಬದಲಾಗುತ್ತದೆ.

ನಿಧಾನಪ್ರಿಯ:
ಇದು ಒಳ್ಳೆಯ ಉತ್ತರ, ಯೋಚಿಸುತ್ತೇನೆ. ಆದರೆ ಇನ್ನೊಂದು ವಿಷಯದಲ್ಲಿ ನನ್ನ ಆಕ್ಷೇಪವಿದೆ. ಈ ತಳಿಯ ವೈನನ್ನು ವರ್ಷದೊಳಗೆ ಕುಡಿದು ಮುಗಿಸಬೇಕು ಎಂಬ ಮಾತನ್ನು ಎಲ್ಲೆಡೆ ಕೇಳುತ್ತೇವೆ. ಬೋರ್ಡೋದ ಪೆಸಾಕ್-ಲೆಯೋನ್ಯಾನ್‌ನಲ್ಲಿ ಇದನ್ನು ಸೆಮಿಯೋನ್ ಎಂಬ ಇನ್ನೊಂದು ಬಿಳಿ ತಳಿಯ ಜೊತೆ ಬೆರೆಸಿ, ಪೀಪಾಯಿಯಲ್ಲಿ ಹುದುಗಿಸಿ ಮಾಡುವ ಬಿಳಿ ವೈನ್ ಹತ್ತು ವರ್ಷ ದಾಟಿದರೂ ಜೀವಂತವಾಗಿರುತ್ತದೆ. ಸೋತೇರ್ನ್‌ನಲ್ಲಿ ಬೂಷ್ಟು ಹಿಡಿದು ಮುದುಡಿದ ಕಾಯಿಯಿಂದ ಮಾಡುವ ಸಿಹಿ ವೈನ್‌ನಲ್ಲೂ ಮುಖ್ಯ ಪಾಲು ಸೆಮಿಯೋನ್‌ದಾದರೂ, ಆ ಜೇನಿನಂಥ ಸಿಹಿ ಬಾಯಿಗೆ ಮೆತ್ತಿಕೊಳ್ಳದಂತೆ ಎತ್ತಿ ಹಿಡಿಯುವುದು ಸೋವಿನ್ಯೋನ್ ಬ್ಲಾಂನ ಹುಳಿ. ಬೇಗ ಕುಡಿಯುವ ಹಗುರ ವೈನ್‌ನ ತಳಿ ಎಂದಷ್ಟೇ ಇದನ್ನು ಕಾಣುವುದು ಅನ್ಯಾಯ.

ಪ್ರಯೋಗಶಾಲೆ:
ನೀವು ಹೇಳಿದ ವೈನ್‌ಗಳಿಗೆ ಆ ಮಾತು ಸಲ್ಲುತ್ತದೆ. ತೆರೆದ ಸೀಸೆಯವರ ಎರಡನೆಯ ಸೀಸೆಗೆ ಸಲ್ಲುವುದಿಲ್ಲ. ಪ್ಯಾಷನ್ ಫ್ರೂಟಿನ ಘಮ ಕೊಡುವ ಥಯೋಲ್ ಒಂದು ಅಸಿಟೇಟ್, ಅದು ಸೀಸೆಯೊಳಗೇ ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ. ಮೊದಲ ಒಂದೆರಡು ವರ್ಷಗಳಲ್ಲೇ ಅದರ ಬಹುಭಾಗ ಹೋಗಿಬಿಡುತ್ತದೆ, ಸೆಖೆಯಲ್ಲಿ ಇಟ್ಟರೆ ಇನ್ನೂ ಬೇಗ. ಪೈರಜಿನ್ ಮಾತ್ರ ಹಾಗೆಯೇ ಕೂತಿರುತ್ತದೆ. ಹಣ್ಣು ಹೋಗಿ ಹಸಿರು ಉಳಿದಾಗ ಡಬ್ಬಿಯಲ್ಲಿಟ್ಟ ಬಟಾಣಿಯಂಥ ಬೆಂದ ವಾಸನೆ ಬರುತ್ತದೆ. ಬಹಳ ಜನರಿಗೆ ಈ ತಳಿಯ ಮೇಲೆ ಬೇಸರ ಹುಟ್ಟಿರುವುದು ಇಂಥ ಹಳೆಯ ಸೀಸೆಗಳಿಂದ.

ಗಾಳಿಯೂ ಥಯೋಲ್‌ಗಳ ಶತ್ರು. ರಸವನ್ನು ಗಾಳಿ ತಾಗದಂತೆ ಹಿಂಡುವುದು, ತಂಪು ಹೊತ್ತಿನಲ್ಲಿ ಕೊಯ್ಯುವುದು, ತಿರುಪು ಮುಚ್ಚಳ ಹಾಕುವುದು, ಎಲ್ಲವೂ ಅದನ್ನು ಕಾಪಾಡಲು. ನ್ಯೂಜಿಲೆಂಡಿನ ತಯಾರಕರು 2001ರಲ್ಲಿ ಒಟ್ಟಾಗಿ ತಿರುಪು ಮುಚ್ಚಳದ ಕಡೆಗೆ ಹೊರಳಿದ್ದರಲ್ಲಿ ಕೆಟ್ಟ ಬಿರಡೆಯ ಕಮಟು ವಾಸನೆಯಿಂದ ಪಾರಾಗುವ ಉದ್ದೇಶವೂ ಇತ್ತು, ಈ ತಾಜಾತನವನ್ನು ಉಳಿಸಿಕೊಳ್ಳುವ ಉದ್ದೇಶವೂ ಇತ್ತು.

ಬಳ್ಳಿಯ ನೆರಳು:
ಹಸಿ ವಾಸನೆ ಎಲ್ಲ ಸಲವೂ ದ್ರಾಕ್ಷಿಯದ್ದೇ ಆಗಿರಬೇಕಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಗೊಂಚಲಿನಲ್ಲಿ ಅಡಗಿ ಕೂತ ಚುಕ್ಕಿ ಜೀರುಂಡೆಗಳು ಕಾಯಿಯ ಜೊತೆ ಹಿಂಡುವ ಯಂತ್ರಕ್ಕೆ ಹೋದರೆ ಅವುಗಳ ದೇಹದಿಂದಲೂ ಪೈರಜಿನ್ ರಸಕ್ಕೆ ಸೇರುತ್ತದೆ. ಆಗ ಬರುವುದು ಕಡಲೆಕಾಯಿ ಸಿಪ್ಪೆಯಂಥ, ಮಣ್ಣು ಮೆತ್ತಿದಂಥ ಹಸಿ. ಅದು ನಿಸ್ಸಂಶಯವಾಗಿ ದೋಷ. ಈ ತಳಿಯ ಗೊಂಚಲು ಬಹಳ ಒತ್ತಾಗಿರುತ್ತದೆ, ಒಳಗೆ ಏನು ಕೂತಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಬೂದಿ ರೋಗವೂ ಕೊಳೆಯೂ ಇದಕ್ಕೆ ಬೇಗ ತಗಲುವುದು ಇದೇ ಒತ್ತಿನಿಂದ. ಮಳೆ ಬಂದ ಮಾರನೆಯ ದಿನ ನಾವು ಒಂದೊಂದು ಗೊಂಚಲನ್ನೂ ಬೆರಳಿನಿಂದ ಬಿಡಿಸಿ ಒಳಗೆ ನೋಡುತ್ತಿದ್ದೆವು.

ತೆರೆದ ಸೀಸೆ:
ನನ್ನ ಮೊದಲ ಲೋಟದಲ್ಲಿ ಕಡಲೆಕಾಯಿ ಸಿಪ್ಪೆಯೂ ಇರಲಿಲ್ಲ, ಮಣ್ಣೂ ಇರಲಿಲ್ಲ. ನೇರವಾದ, ಸ್ವಚ್ಛವಾದ ಹಸಿರು. ಪ್ರಯೋಗಶಾಲೆಯವರೇ, ಆ ಉಪಾಯ ಯಾವುದು ಎಂದು ಇನ್ನೂ ಹೇಳಲಿಲ್ಲ.

ಪ್ರಯೋಗಶಾಲೆ:
ತಾಮ್ರ. ಥಯೋಲ್‌ಗಳು ತಾಮ್ರವನ್ನು ಕಂಡರೆ ಅಂಟಿಕೊಳ್ಳುತ್ತವೆ, ಅಂಟಿಕೊಂಡ ಮೇಲೆ ಅವು ಮೂಗಿಗೆ ಬರುವುದಿಲ್ಲ. ಪೈರಜಿನ್‌ಗೆ ತಾಮ್ರದಿಂದ ಏನೂ ಆಗುವುದಿಲ್ಲ. ಪ್ರತಿ ವೈನ್‌ಗೂ ಎರಡು ಲೋಟ ತೆಗೆದುಕೊಳ್ಳಿ. ಒಂದು ತುಂಡು ತಾಮ್ರದ ತಂತಿಯನ್ನು ಉಜ್ಜಿ ಹೊಳೆಯುವಂತೆ ಮಾಡಿ, ಸುರುಳಿ ಸುತ್ತಿ ಒಂದರಲ್ಲಿ ಹಾಕಿ, ಹತ್ತು ನಿಮಿಷ ಆಗಾಗ ಕುಲುಕಿ, ತಂತಿಯನ್ನು ತೆಗೆದು ಎರಡನ್ನೂ ಮೂಸಿ. ತಂತಿ ಹಾಕಿದ ಲೋಟದ ವೈನನ್ನು ಕುಡಿಯಬೇಡಿ, ಚೆಲ್ಲಿಬಿಡಿ. ಯಾವುದು ಯಾವ ಲೋಟವೆಂದು ನಿಮಗೆ ತಿಳಿಯದಂತೆ ಬೇರೆಯವರಿಂದ ಜೋಡಿಸಿಕೊಂಡರೆ ಮಾತ್ರ ಫಲಿತಾಂಶಕ್ಕೆ ಬೆಲೆ.

ಪದಪ್ರೀತಿ:
ಫಲಿತಾಂಶವನ್ನು ಇಲ್ಲಿ ಬರೆಯುವಾಗ ದಯವಿಟ್ಟು ನಿಮ್ಮದೇ ಮಾತಿನಲ್ಲಿ ಬರೆಯಿರಿ, ಟಿಪ್ಪಣಿ ಪುಸ್ತಕದ ಪದಗಳು ಬೇಡ.

ತೆರೆದ ಸೀಸೆ:
ನಿನ್ನೆ ಸಂಜೆ ಅದೇ ತಯಾರಕರ, ಅದೇ ವರ್ಷದ ಎರಡು ಹೊಸ ಸೀಸೆಗಳನ್ನು ತೆರೆದು ಮಾಡಿ ನೋಡಿದೆ. ನಾಲ್ಕು ಲೋಟಗಳನ್ನು ಮನೆಯವರು ಜೋಡಿಸಿ, ಅಡಿಯಲ್ಲಿ ಗುರುತು ಹಾಕಿ ಕೊಟ್ಟರು.

ಸಾನ್ಸೇರ್‌ನ ಎರಡು ಲೋಟಗಳ ನಡುವೆ ನಾನು ಗೆರೆ ಎಳೆಯಲಾರದೆ ಹೋದೆ. ಒಂದರಲ್ಲಿ ಹಣ್ಣಿನ ಎಳೆ ಸ್ವಲ್ಪ ತೆಳುವಾಗಿತ್ತೇ ಎಂಬ ಅನುಮಾನ ಬಂತು, ಊಹಿಸಿ ಹೇಳಿದೆ, ತಪ್ಪಾಯಿತು. ಎರಡರಲ್ಲೂ ಅದೇ ಹೆಚ್ಚಿದ ಕಾಯಿ, ಅದೇ ಹುಲ್ಲು.

ಮಾರ್ಲ್‌ಬರೋದ ಲೋಟಗಳಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಒಂದರಲ್ಲಿ ಮೊದಲಿನಂತೆ ಹಣ್ಣು ಉಕ್ಕುತ್ತಿತ್ತು. ಇನ್ನೊಂದನ್ನು ಮೂಸಿದಾಗ ಯಾರೋ ದೀಪ ತಗ್ಗಿಸಿದಂತೆ ಆ ಹಣ್ಣು ಹಿಂದೆ ಸರಿದಿತ್ತು, ಅದು ನಿಂತಿದ್ದ ಜಾಗದಲ್ಲಿ ಟೊಮೇಟೊ ಗಿಡದ ಎಲೆಯನ್ನು ಬೆರಳಲ್ಲಿ ಹಿಸುಕಿದಂಥ ಹಸಿ ವಾಸನೆ ಇತ್ತು. ಕಳೆದ ವಾರವೂ ಅದು ಅಲ್ಲೇ ಇದ್ದಿರಬೇಕು, ನನಗೆ ಸಿಕ್ಕಿರಲಿಲ್ಲ ಅಷ್ಟೇ.

ಎರಡನೇ ಗುಟುಕು:
ಬಹಳ ಸ್ಪಷ್ಟವಾಗಿ ಬರೆದಿದ್ದೀರಿ. ನಾನೂ ಈ ವಾರ ಮಾಡಿ ನೋಡುತ್ತೇನೆ.

ನಿಧಾನಪ್ರಿಯ:
ಒಪ್ಪಿದೆ. ಎರಡರಲ್ಲೂ ಇರುವುದನ್ನು ಒಂದರ ದೋಷ ಎನ್ನಲಾಗುವುದಿಲ್ಲ. ಇಷ್ಟು ಹೆಚ್ಚು ಬೇಡ ಎಂಬ ನನ್ನ ಅಭಿರುಚಿಯನ್ನು ಮಾತ್ರ ಉಳಿಸಿಕೊಳ್ಳುತ್ತೇನೆ. ತೀರ್ಪು ಕೊಟ್ಟ ಆ ಪರಿಚಿತರಿಗೆ ತೋರಿಸಿದಿರಾ?

ತೆರೆದ ಸೀಸೆ:
ಸುರಿಯುವ ಮೊದಲೇ ಅವರು ಬಂದಿದ್ದರು. ತಂತಿ ತೆಗೆದ ಮಾರ್ಲ್‌ಬರೋದ ಲೋಟವನ್ನು ಏನೂ ಹೇಳದೆ ಕೈಗೆ ಕೊಟ್ಟೆ, ಮೂಸಿ ನೋಡಿ 'ಇದು ಆ ಸಾನ್ಸೇರ್ ಅಲ್ಲವೇ' ಎಂದರು. ಲೋಟದ ಅಡಿಯ ಗುರುತನ್ನು ತೋರಿಸಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಸಾನ್ಸೇರ್‌ನ ತಂತಿ ಹಾಕದ ಲೋಟವನ್ನು ತಮ್ಮ ಕಡೆಗೆ ಎಳೆದುಕೊಂಡು, ಈ ಸಲ ನಿಧಾನವಾಗಿ ಕುಡಿದು ಮುಗಿಸಿದರು.